ಮ್ಯಾಗ್ನೆಟ್ಟಿಗೆ ಏನೂ ಆಗಿಲ್ಲ, ಮೊದಲು ಕೈ ನೋಡಿಕೊಳ್ಳಿ

ಕ್ಲಾಸ್ಕ್ ಬಗ್ಗೆ ಬಂದ ಪ್ರಶ್ನೆಗಳನ್ನೆಲ್ಲ ಒಂದು ರಟ್ಟಿನ ಡಬ್ಬಿಗೆ ಹಾಕಿಡುವುದು ನನ್ನ ಅಭ್ಯಾಸ. ಮೊನ್ನೆ ಡಬ್ಬಿ ಮಗುಚಿ ನೋಡಿದರೆ ಪ್ರಶ್ನೆ ಒಂದೇ, ಕೇಳಿದವರು ಮಾತ್ರ ಬೇರೆ ಬೇರೆ. ಹಾಗಾಗಿ ಈ ಸಲ ಅದಕ್ಕೇ ಹೆಚ್ಚು ಜಾಗ. ಉಳಿದವರಿಗೆ ಒಂದೆರಡು ಸಾಲು. ಪೆಟ್ಟಿಗೆಯೊಳಗಿನ ನಿಯಮದ ಹಾಳೆಯನ್ನೇ ಓದದೆ ಬರೆದವರಿಗೆ ಆ ಸಾಲೂ ಇಲ್ಲ.

ಆಟ ನೋಡಿಯೇ ಇಲ್ಲದವರಿಗೆ ಇಷ್ಟು ಸಾಕು. ಇದು ಡೆನ್ಮಾರ್ಕಿನ ಬಡಗಿ ಮಿಕೆಲ್ ಬರ್ಟೆಲ್ಸನ್ 2014ರಲ್ಲಿ ತಂದ ಆಟ. ಕೆಳಗೆ ಕೈ ತೂರುವಷ್ಟು ಟೊಳ್ಳು ಬಿಟ್ಟ ಮರದ ಬೋರ್ಡು, ಆಚೆ ಈಚೆ ಇಬ್ಬರು. ಮೇಲೆ ಒಬ್ಬೊಬ್ಬರಿಗೂ ಒಂದು ಕಪ್ಪು ಸ್ಟ್ರೈಕರ್, ಕೆಳಗೆ ಕೈಯಲ್ಲಿ ಮ್ಯಾಗ್ನೆಟ್ ಇರುವ ಹಿಡಿ. ಹಿಡಿ ಎತ್ತ ಹೋದರೆ ಸ್ಟ್ರೈಕರ್ ಅತ್ತ. ಪುಟ್ಟ ಚೆಂಡನ್ನು ಎದುರಾಳಿಯ ಗುಂಡಿಗೆ ಬೀಳಿಸಬೇಕು. ನಡುಗೆರೆಯ ಮೇಲೆ ಮೂರು ಬಿಳಿ ಮ್ಯಾಗ್ನೆಟ್ ಚೂರುಗಳಿರುತ್ತವೆ, ಆಡುವವರ ಬಾಯಲ್ಲಿ ಅವು ಬಿಸ್ಕತ್ತು. ಎರಡು ಬಿಸ್ಕತ್ತು ನಿಮ್ಮ ಸ್ಟ್ರೈಕರ್‌ಗೆ ಅಂಟಿಕೊಂಡರೆ, ನಿಮ್ಮ ಸ್ಟ್ರೈಕರ್ ನಿಮ್ಮದೇ ಗುಂಡಿಗೆ ಬಿದ್ದರೆ, ಇಲ್ಲವೇ ಹಿಡಿಯಿಂದ ತಪ್ಪಿಸಿಕೊಂಡು ಮತ್ತೆ ಕೈಗೆ ಸಿಗದಂತಾದರೆ ಅಂಕ ಎದುರಿನವರಿಗೆ. ಮೊದಲು ಆರು ಅಂಕ ಮಾಡಿದವರು ಗೆದ್ದಂತೆ. ಡೇನಿಷ್‌ನಲ್ಲಿ ಕ್ಲಾಸ್ಕ್ ಅಂದರೆ ಪಟಾರನೆ ಬೀಳುವ ಏಟು.

ಪ್ರಶ್ನೆ: ಆರು ತಿಂಗಳ ಹಿಂದೆ ಕೊಂಡ ಬೋರ್ಡು. ಮೊದಮೊದಲು ಚೆನ್ನಾಗಿತ್ತು. ಈಗ ಸ್ವಲ್ಪ ಜೋರಾಗಿ ಆಡಿದರೂ ಸ್ಟ್ರೈಕರ್ ಹಿಂದೆಯೇ ಉಳಿದುಬಿಡುತ್ತದೆ. ಮ್ಯಾಗ್ನೆಟ್ ಪವರ್ ಇಳಿದಿರಬೇಕು. ನಮ್ಮೂರಲ್ಲಿ ಒಬ್ಬರು ಚಾರ್ಜ್ ಮಾಡಿಕೊಡುತ್ತಾರಂತೆ, ಮಾಡಿಸಲೇ? ಅಥವಾ ಹಿಡಿಗೆ ಇನ್ನೊಂದು ಪವರ್‌ಫುಲ್ ಮ್ಯಾಗ್ನೆಟ್ ಅಂಟಿಸಲೇ?

ಚಾರ್ಜ್ ಮಾಡಿಸಬೇಡಿ. ಅಂಟಿಸಲೂ ಬೇಡಿ. ಇಳಿದಿರುವುದು ಪವರ್ ಅಲ್ಲ.

ಮ್ಯಾಗ್ನೆಟ್ ಅಂದರೆ ಟಾರ್ಚಿನ ಸೆಲ್ಲು ಎಂದು ಜನ ತಿಳಿದಿದ್ದಾರೆ. ಅದು ಎಳೆಯುತ್ತಾ ಎಳೆಯುತ್ತಾ ಸವೆಯುವ ವಸ್ತುವಲ್ಲ. ಮನೆಯ ಬಿಸಿಲು ನೆರಳಿನಲ್ಲಿ ಒಳ್ಳೆಯ ಮ್ಯಾಗ್ನೆಟ್ಟೊಂದು ಹತ್ತಿಪ್ಪತ್ತು ವರ್ಷ ಕಳೆದರೂ ಕೈಗೆ ಗೊತ್ತಾಗುವಷ್ಟು ಸೊರಗುವುದಿಲ್ಲ. ಹೆದರಬೇಕಾದದ್ದು ಕಾವಿಗೆ. ನಿಯೋಡಿಮಿಯಂ ಎಂಬ ಲೋಹ ಬೆರೆಸಿದ ಬಲವಾದ ಮ್ಯಾಗ್ನೆಟ್ಟು ಕೂಡ ಸಾಮಾನ್ಯ ದರ್ಜೆಯದಾದರೆ ಅದಕ್ಕೆ 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಆಗಿಬರುವುದಿಲ್ಲ. ಏಪ್ರಿಲ್ ಬಿಸಿಲಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಆಟದ ಸಾಮಾನು ಬಿಟ್ಟುಬಂದಿದ್ದರೆ ಆಗ ನನಗೆ ಬರೆಯಿರಿ. ಅಂಥ ಕಾವಿಗೆ ಮ್ಯಾಗ್ನೆಟ್ಟಿಗಿಂತ ಮೊದಲು ಬೋರ್ಡು ಸೊಟ್ಟಗಾಗಿರುತ್ತದೆ, ಅದು ಬೇರೆ ಮಾತು.

ಚಾರ್ಜ್ ಮಾಡುವ ಮಹಾಶಯರ ವಿಷಯ. ಅಂಥ ಒಬ್ಬರ ಕೆಲಸವನ್ನು ಕಣ್ಣಾರೆ ನೋಡಿದ್ದೇನೆ. ಹಳೇ ಸ್ಪೀಕರಿನ ಹಿಂಭಾಗದ ದೊಡ್ಡ ಕರಿ ಮ್ಯಾಗ್ನೆಟ್ ಬಳೆಯ ಮೇಲೆ ಪಾಪದ ಸ್ಟ್ರೈಕರನ್ನು ರಾತ್ರಿಯಿಡೀ ಕೂರಿಸಿ, ಬೆಳಿಗ್ಗೆ ಮುನ್ನೂರು ರೂಪಾಯಿ ಎಣಿಸಿಕೊಂಡರು. ಸ್ಕೂಲಿನಲ್ಲಿ ಸೂಜಿಯನ್ನು ಮ್ಯಾಗ್ನೆಟ್ಟಿಗೆ ಉಜ್ಜಿ ಮ್ಯಾಗ್ನೆಟ್ ಮಾಡಿದ ನೆನಪು ಎಲ್ಲರಿಗೂ ಇದೆ, ಇವರ ಅಂಗಡಿ ನಡೆಯುವುದು ಆ ನೆನಪಿನ ಮೇಲೆ. ಸೂಜಿಯ ಉಕ್ಕು ಒಲಿಯುವುದೂ ಬೇಗ, ಮುನಿಯುವುದೂ ಬೇಗ. ನಿಯೋಡಿಮಿಯಂ ಹಾಗಲ್ಲ. ಕಾರ್ಖಾನೆಯಲ್ಲಿ ಅದಕ್ಕೆ ಕಾಂತತ್ವ ಕೊಡಲು ದೊಡ್ಡ ಕೆಪಾಸಿಟರುಗಳಲ್ಲಿ ಕೂಡಿಟ್ಟ ವಿದ್ಯುತ್ತನ್ನು ಒಂದೇ ಏಟಿಗೆ ತಂತಿಯ ಸುರುಳಿಗೆ ಹರಿಸಿ ಕೆಲವು ಟೆಸ್ಲಾಗಳಷ್ಟು ಕಾಂತಕ್ಷೇತ್ರ ಎಬ್ಬಿಸುತ್ತಾರೆ (ಟೆಸ್ಲಾ ಅಂದರೆ ಅದರ ಬಲ ಅಳೆಯುವ ಮಾನ). ಸ್ಪೀಕರ್ ಬಳೆಯ ಮೈಮೇಲೆ ಒಂದು ಟೆಸ್ಲಾದ ಕಾಲುಭಾಗವೂ ಸಿಗುವುದಿಲ್ಲ. ಆ ಮುನ್ನೂರಕ್ಕೆ ಎರಡು ಮಸಾಲೆ ದೋಸೆ, ಎರಡು ಕಾಫಿ ಬರುತ್ತಿತ್ತು.

ಹಾಗಾದರೆ ಸ್ಟ್ರೈಕರ್ ಯಾಕೆ ಉಳಿದುಹೋಗುತ್ತದೆ? ಮೊದಲು ಒಂದು ಪರೀಕ್ಷೆ ಮಾಡಿ. ನಿಮ್ಮ ಹಿಡಿ ಎದುರಿನವರಿಗೆ ಕೊಡಿ, ಅವರದ್ದು ನೀವು ತೆಗೆದುಕೊಳ್ಳಿ. ಹತ್ತು ನಿಮಿಷ ಆಡಿ. ತೊಂದರೆ ಹಿಡಿಯ ಜೊತೆ ಆ ಕಡೆ ಹೋಯಿತಾ, ನಿಮ್ಮ ಜೊತೆಯೇ ಉಳಿಯಿತಾ? ನನ್ನ ಹತ್ತಿರ ಬೋರ್ಡು ಹೊತ್ತು ತಂದವರಲ್ಲಿ ಹೆಚ್ಚಿನವರು ಈ ಪರೀಕ್ಷೆ ಮುಗಿದ ಮೇಲೆ ಸುಮ್ಮನೆ ಟೀ ಕುಡಿದು ಹೋಗಿದ್ದಾರೆ.

ತೊಂದರೆ ಹಿಡಿಯ ಜೊತೆ ಹೋದರೆ ಅದರ ತಲೆಯನ್ನು ಬೆಳಕಿಗೆ ಹಿಡಿದು ನೋಡಿ. ಮ್ಯಾಗ್ನೆಟ್ ಇದ್ದಲ್ಲಿ ಕಬ್ಬಿಣದ ಪುಡಿ, ಸ್ಟೇಪ್ಲರ್ ಪಿನ್ನಿನ ಚೂರು, ಪಾತ್ರೆ ಉಜ್ಜುವ ಸ್ಟೀಲ್ ನಾರಿನ ಎಳೆ ಬಂದು ಕೂತಿರುತ್ತದೆ. ಸೆಲ್ಲೋಟೇಪಿನ ಅಂಟುಬದಿ ಒತ್ತಿ ಕಿತ್ತರೆ ಎಲ್ಲ ಬರುತ್ತದೆ. ಇಬ್ಬರಿಗೂ ಒಂದೇ ಜಾಗದಲ್ಲಿ ಸ್ಟ್ರೈಕರ್ ಕೈಕೊಡುತ್ತಿದ್ದರೆ ಬೋರ್ಡಿನ ಮೇಲೆ ಸ್ಟೀಲ್ ಸ್ಕೇಲನ್ನು ಅಡ್ಡ ನಿಲ್ಲಿಸಿ, ಕೆಳಗಿಂದ ಬೆಳಕು ನುಸುಳುತ್ತದಾ ನೋಡಿ. ಮಳೆಗಾಲದಲ್ಲಿ ಮರ ಉಬ್ಬುತ್ತದೆ.

ಇವೆಲ್ಲದರ ಹಿಂದೆ ಇರುವುದು ಒಂದೇ ಸಂಗತಿ, ಸಂದು. ಎರಡು ಮ್ಯಾಗ್ನೆಟ್ ದೂರ ಇದ್ದಾಗ ಅವುಗಳ ನಡುವಿನ ಅಂತರ ಎರಡು ಪಟ್ಟಾದರೆ ಎಳೆತ ಹದಿನಾರರಲ್ಲಿ ಒಂದು ಪಾಲಿಗೆ ಕುಸಿಯುತ್ತದೆ. ಬೋರ್ಡಿನ ದಪ್ಪದಷ್ಟು ಹತ್ತಿರದಲ್ಲಿ ಇಳಿತ ಅಷ್ಟು ಕಡಿದಾಗಿರುವುದಿಲ್ಲ, ಆದರೂ ಒಂದೊಂದು ಮಿಲಿಮೀಟರೂ ಲೆಕ್ಕಕ್ಕೆ ಬರುತ್ತದೆ. ಒಬ್ಬರು ಬೋರ್ಡು ನುಣುಪಾಗಲಿ ಎಂದು ಮೇಲೆ ಸನ್‌ಮೈಕಾ ಅಂಟಿಸಿ ತಂದಿದ್ದರು. ಕೆಲಸವೇನೋ ಅಚ್ಚುಕಟ್ಟು. ಸ್ಟ್ರೈಕರ್ ಮಾತ್ರ ಹಿಡಿಯ ಹಿಂದೆ ಸಂತೆಗೆ ಹೊರಟ ಮಗುವಿನ ಹಾಗೆ, ಬರುತ್ತೇನೆ ಬರುತ್ತೇನೆ ಎನ್ನುತ್ತಾ ನಿಂತೇಬಿಡುತ್ತಿತ್ತು. ನಂಬಿಕೆ ಬರದಿದ್ದರೆ ಇಸ್ಪೀಟ್ ಎಲೆಗಳನ್ನು ಸ್ಟ್ರೈಕರ್ ಕೆಳಗೆ ಒಂದೊಂದಾಗಿ ಸೇರಿಸುತ್ತಾ ಎಳೆದು ನೋಡಿ. ಹತ್ತು ಎಲೆಗೆ ಸುಮಾರು ಮೂರು ಮಿಲಿಮೀಟರ್. ಅಷ್ಟರೊಳಗೆ ನಿಮ್ಮ ಪ್ರಶ್ನೆಗೆ ನೀವೇ ಉತ್ತರ ಕೊಟ್ಟುಕೊಳ್ಳುತ್ತೀರಿ.

ಈಗ ಕೈಯ ವಿಷಯಕ್ಕೆ ಬರೋಣ. ಹೊಸಬರು ಹಿಡಿಯನ್ನು ಮುಷ್ಟಿಯಲ್ಲಿ, ಸೌಟು ಹಿಡಿದ ಹಾಗೆ ಹಿಡಿಯುತ್ತಾರೆ. ಮುಷ್ಟಿ ಓಡಿದಾಗ ಹಿಡಿ ವಾಲುತ್ತದೆ. ವಾಲಿದರೆ ಅದರ ತಲೆಯ ಒಂದು ಅಂಚು ಮಾತ್ರ ಮರಕ್ಕೆ ತಾಗಿರುತ್ತದೆ, ಇನ್ನೊಂದು ಬದಿಯಲ್ಲಿ ಸಂದು. ಸನ್‌ಮೈಕಾದವರು ದುಡ್ಡು ಕೊಟ್ಟು ಮಾಡಿಕೊಂಡದ್ದನ್ನು ನೀವು ಪುಕ್ಕಟೆ ಮಾಡಿಕೊಂಡಿರಿ. ಮೂರು ಬೆರಳ ತುದಿಯಲ್ಲಿ, ರಂಗೋಲಿ ಪುಡಿ ಹಿಡಿಯುವಷ್ಟು ಹಗುರವಾಗಿ ಹಿಡಿಯಿರಿ. ಹಿಡಿಯ ತಲೆ ಪೂರ್ತಿ ಮರಕ್ಕೆ ಕೂತಿರಲಿ. ಆಮೇಲೆ ಮಣಿಕಟ್ಟು ತಿರುಗಲಿ, ಮೊಣಕೈ ಅಲ್ಲ.

ಇನ್ನೊಂದು, ಹೊರಡುವ ಜಗ್ಗು. ಸ್ಟ್ರೈಕರ್ ಯಾವಾಗಲೂ ಹಿಡಿಗಿಂತ ಕೂದಲೆಳೆಯಷ್ಟು ಹಿಂದಿರುತ್ತದೆ. ಹಿಂದುಳಿದಷ್ಟೂ ಅದನ್ನು ಮುಂದಕ್ಕೆಳೆಯುವ ಬಲ ಹೆಚ್ಚುತ್ತದೆ. ಆದರೆ ಅದಕ್ಕೊಂದು ಮಿತಿ ಇದೆ. ಅದು ದಾಟಿದರೆ ಎಳೆತ ಏರುವುದಿರಲಿ, ಇಳಿಯುತ್ತಾ ಹೋಗಿ ಕೈಬಿಟ್ಟುಬಿಡುತ್ತದೆ. ಸಿಟಿ ಬಸ್ಸು ಜಗ್ಗಿ ಹೊರಟಾಗ ಕಂಬಿ ಹಿಡಿಯದೆ ನಿಂತವರು ಹಿಂದಕ್ಕೆ ವಾಲುವುದು, ಬಸ್ಸು ಓಡುತ್ತಿರುವಾಗ ಅದೇ ಜನ ಆರಾಮಾಗಿ ನಿಂತಿರುವುದು ನೋಡಿದ್ದೀರಲ್ಲ. ಇಲ್ಲೂ ಅಷ್ಟೇ. ವೇಗ ತಪ್ಪಲ್ಲ, ಜಗ್ಗು ತಪ್ಪು. ಚೆಂಡು ಬಿಸ್ಕತ್ತು ಎಲ್ಲ ಎತ್ತಿಟ್ಟು ದಿನಕ್ಕೆ ಐದು ನಿಮಿಷ ನಿಮ್ಮ ಅರ್ಧದಲ್ಲಿ ಕನ್ನಡದ ೪ ಬರೆಯಿರಿ. ಅದರ ಸೊಂಟದ ತಿರುವಿನಲ್ಲಿ ಸ್ಟ್ರೈಕರ್ ಕಳೆದುಹೋಗದಿದ್ದರೆ ಆಟದಲ್ಲೂ ಹೋಗುವುದಿಲ್ಲ. ಇದನ್ನು ಹೇಳಿದಾಗ ಯಾರ ಮುಖವೂ ಅರಳುವುದಿಲ್ಲ. ಮುನ್ನೂರು ರೂಪಾಯಿಯ ಚಾರ್ಜಿಂಗ್ ಅಂದಾಗ ಅರಳುತ್ತದೆ.

ಇನ್ನು ಪವರ್‌ಫುಲ್ ಮ್ಯಾಗ್ನೆಟ್. ಈ ದಡ್ಡತನ ನಾನೇ ಮಾಡಿದ್ದೇನೆ, ಅದಕ್ಕೇ ಧೈರ್ಯವಾಗಿ ಬೈಯುತ್ತಿದ್ದೇನೆ. ಹಿಡಿಯ ತಲೆಯ ಸುತ್ತ ನಿಯೋಡಿಮಿಯಂ ಬಿಲ್ಲೆಗಳನ್ನು ಅಂಟಿಸಿ, ಒಂದು ಭಾನುವಾರ ಅಕ್ಕನ ಮಗಳನ್ನು ಆಟಕ್ಕೆ ಕರೆದೆ. ಸ್ಟ್ರೈಕರ್ ನಿಜಕ್ಕೂ ಬಂಡೆಯಂತೆ ಅಂಟಿಕೊಂಡಿತ್ತು. ಬೋರ್ಡಿಗೆ ಜೋರಾಗಿ ಒತ್ತಿಕೊಂಡದ್ದರಿಂದ ಕರಕರ ಸದ್ದು ಮಾಡುತ್ತಾ ಎಳೆದಾಡುತ್ತಿತ್ತು. ಚೆಂಡಿಗೆ ಹೋಗಿ ನಡುಗೆರೆಯ ಹತ್ತಿರ ಬಂದೆ ನೋಡಿ, ಮೊದಲೆಲ್ಲ ತೆಪ್ಪಗೆ ಕೂತಿರುತ್ತಿದ್ದ ಬಿಸ್ಕತ್ತು ಅಷ್ಟು ದೂರದಿಂದಲೇ ಟಕ್ ಅಂತ ಹಾರಿ ಬಂದು ಕಚ್ಚಿತು. ಹಿಂದಕ್ಕೆ ಸರಿಯುವಷ್ಟರಲ್ಲಿ ಇನ್ನೊಂದು ಆ ಬದಿಗೆ. ಹುಡುಗಿ ಬಗ್ಗಿ ನೋಡಿ, “ಮಾಮ, ನಿಮ್ಮ ಸ್ಟ್ರೈಕರ್‌ಗೆ ಬಿಳಿ ಮೀಸೆ ಬಂತು” ಅಂದಳು. 6–1. ಆ ಆರರಲ್ಲಿ ಅವಳು ಚೆಂಡು ಹೊಡೆದು ಗಳಿಸಿದ್ದು ಒಂದೇ ಅಂಕ. ಮ್ಯಾಗ್ನೆಟ್ಟಿಗೆ ನಿಮ್ಮ ಸ್ಟ್ರೈಕರ್ ಬೇರೆ, ಬಿಸ್ಕತ್ತು ಬೇರೆ ಎಂಬ ಭೇದ ತಿಳಿಯುವುದಿಲ್ಲ. ಒಂದಕ್ಕೆ ಹೆಚ್ಚಿಸಿದರೆ ಇನ್ನೊಂದಕ್ಕೂ ಹೆಚ್ಚುತ್ತದೆ. ಬರ್ಟೆಲ್ಸನ್ ಅವರ ಜಾಣತನ ಇರುವುದೇ ಅಲ್ಲಿ: ಎಳೆತ ಸಾಲದು ಅನ್ನಿಸಬೇಕು, ಆದರೆ ಹೆಚ್ಚಾಗಬಾರದು. ಬಿಲ್ಲೆಗಳನ್ನು ಕೀಳಲು ಹೋಗಿ ಒಂದು ಚಕ್ಕೆ ಎದ್ದು ಹೆಬ್ಬೆರಳು ಕೊಯ್ದುಕೊಂಡದ್ದು ಬೇರೆ. ನಿಯೋಡಿಮಿಯಂ ನೋಡಲು ಲೋಹ, ಒಡೆಯುವುದು ಪಿಂಗಾಣಿಯ ಹಾಗೆ.

ಪ್ರಶ್ನೆ: ಎಷ್ಟು ಆಡಿದರೂ ಬಿಸ್ಕತ್ತು ನನಗೇ ಅಂಟುತ್ತದೆ. ಅದೃಷ್ಟ ಸರಿ ಇಲ್ಲವೇ?

ವೈಶೇಷಿಕ ಸೂತ್ರ ಎಂಬ ಹಳೆಯ ದರ್ಶನಗ್ರಂಥದಲ್ಲಿ ಕಣಾದರು ಸೂಜಿ ಅಯಸ್ಕಾಂತದ ಕಡೆಗೆ ಸರಿಯುವುದಕ್ಕೆ ಕಾರಣ ಅದೃಷ್ಟ ಎಂದೇ ಹೇಳಿದ್ದಾರೆ. ಅವರು ಹೇಳಿದ್ದು ಕಣ್ಣಿಗೆ ಕಾಣದ ಕಾರಣ ಎಂಬ ಅರ್ಥದಲ್ಲಿ, ನೀವು ಹೇಳುವ ಅರ್ಥದಲ್ಲಲ್ಲ. ಒಂದು ಬಿಸ್ಕತ್ತು ಅಂಟಿದ ಮೇಲೂ ನಡುಗೆರೆಯ ಹತ್ತಿರ ಹೋಗುತ್ತಿದ್ದೀರಿ, ಅಷ್ಟೇ. ಹಿಂದೆ ನಿಂತು ಗುಂಡಿ ಕಾಯಿರಿ. ಗುಂಡಿಯ ಅಂಚಿಗೇ ನಿಲ್ಲಬೇಡಿ, ಬೆಚ್ಚಿ ಕೈ ಹಿಂದೆ ಎಳೆದರೆ ನೀವೇ ಒಳಗೆ.

ಪ್ರಶ್ನೆ: ಕೇರಂ ಪೌಡರ್ ಹಾಕಬಹುದೇ?

ಇದು ಕೇರಂ ಅಲ್ಲ.

ಪ್ರಶ್ನೆ: ಹಳೇ ಕೇರಂ ಬೋರ್ಡಿಗೆ ತೂತು ಕೊರೆದು ಮನೆಯಲ್ಲೇ ಕ್ಲಾಸ್ಕ್ ಮಾಡಬಹುದೇ?

ಒಳ್ಳೆಯ ಕೇರಂ ಬೋರ್ಡಿನ ಪ್ಲೈವುಡ್ ಎಂಟು ಮಿಲಿಮೀಟರಿಗೆ ಕಡಿಮೆ ಇರುವುದಿಲ್ಲ. ಸಂದಿನ ವಿಷಯ ಈಗಷ್ಟೇ ಹೇಳಿದೆ. ನಾಲ್ಕು ಮಿಲಿಮೀಟರಿನ ಪ್ಲೈ ತಂದು ಮಾಡಿ. ಕೇರಂ ಬೋರ್ಡನ್ನು ಕೇರಂ ಆಡಲು ಬಿಡಿ.

ಪ್ರಶ್ನೆ: ಎಡಗೈಯವರು ಆಡಬಹುದೇ?

ಕೇಳುವ ಪ್ರಶ್ನೆಯೇ?

ಪ್ರಶ್ನೆ: ಆಡುವಾಗ ಮ್ಯಾಗ್ನೆಟಿಕ್ ಬ್ರೇಸ್ಲೆಟ್ ಹಾಕಿಕೊಂಡರೆ ರಕ್ತದ ಕಬ್ಬಿಣ ಚುರುಕಾಗಿ ಕೈ ಬೇಗ ಓಡುತ್ತದೆ ಎಂದು ಮಾರುವವರು ಹೇಳಿದರು.

ನಿಮ್ಮ ರಕ್ತದ ಕಬ್ಬಿಣ ಮೊಳೆಯ ಕಬ್ಬಿಣವಲ್ಲ. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ನನ್ನು ಮ್ಯಾಗ್ನೆಟ್ ಎಳೆಯುವುದಿಲ್ಲ, ತೀರ ಸಣ್ಣದಾಗಿ ದೂಡುತ್ತದೆ. 1936ರಲ್ಲೇ ಪೌಲಿಂಗ್ ಮತ್ತು ಕೊರ್ಯೆಲ್ ಎಂಬ ರಸಾಯನ ವಿಜ್ಞಾನಿಗಳು ಅಳೆದು ತೋರಿಸಿದ್ದು ಇದು. ಎಂಆರ್‌ಐ ಯಂತ್ರದಲ್ಲಿ 1.5 ಅಥವಾ 3 ಟೆಸ್ಲಾ ಇರುತ್ತದೆ. ಮಾರುವವರ ಮಾತು ನಿಜವಾಗಿದ್ದರೆ ಅದರೊಳಗೆ ಮಲಗಿದವರ ರಕ್ತವೆಲ್ಲ ಒಂದು ಬದಿಗೆ ಹೋಗಿ ಕೂರಬೇಕಿತ್ತು. ಆ ಬ್ರೇಸ್ಲೆಟ್ ಮಾಡುವ ಒಂದೇ ಕೆಲಸ, ಕೈ ಬೋರ್ಡಿನ ಹತ್ತಿರ ಬಂದಾಗ ಬಿಸ್ಕತ್ತುಗಳನ್ನು ಅಲ್ಲಾಡಿಸುವುದು. ಅದು ಮೋಸದಾಟ. ಬಿಚ್ಚಿಡಿ.

ಪ್ರಶ್ನೆ: ಮೂರು ವರ್ಷದ ಮೊಮ್ಮಗ ಒಂದು ಬಿಸ್ಕತ್ತು ಬಾಯಿಗೆ ಹಾಕಿಕೊಂಡಿದ್ದ, ತೆಗೆದೆವು. ನುಂಗಿದ್ದರೆ ಬಾಳೆಹಣ್ಣು, ಅನ್ನದ ಉಂಡೆ ಕೊಟ್ಟರೆ ಹೊರಗೆ ಹೋಗುತ್ತಿತ್ತಲ್ಲವೇ?

ಅಮ್ಮಾ, ಇದೊಂದಕ್ಕೆ ನನ್ನಲ್ಲಿ ತಮಾಷೆ ಇಲ್ಲ. ನಾಣ್ಯ ನುಂಗಿದ ಮಗುವಿಗೆ ಹೇಳುವ ಮನೆಮದ್ದನ್ನು ಮ್ಯಾಗ್ನೆಟ್ಟಿಗೆ ಹೇಳಬೇಡಿ. ಎರಡು ಮ್ಯಾಗ್ನೆಟ್, ಅಥವಾ ಒಂದು ಮ್ಯಾಗ್ನೆಟ್ ಮತ್ತು ಒಂದು ಕಬ್ಬಿಣದ ಚೂರು ಹೊಟ್ಟೆಗೆ ಹೋದರೆ ಕರುಳಿನ ಬೇರೆ ಬೇರೆ ಸುತ್ತುಗಳಲ್ಲಿದ್ದುಕೊಂಡೇ ಒಂದನ್ನೊಂದು ಎಳೆದುಕೊಳ್ಳುತ್ತವೆ. ನಡುವೆ ಸಿಕ್ಕಿದ ಕರುಳಿನ ಗೋಡೆಗೆ ರಕ್ತ ಓಡುವುದು ನಿಂತು, ಅದು ಸತ್ತು ತೂತಾಗುತ್ತದೆ. ಮೊದಮೊದಲು ಮಗು ಆಡಿಕೊಂಡೇ ಇರುತ್ತದೆ, ಅದೇ ಅಪಾಯ. ಎಷ್ಟು ನುಂಗಿದೆ ಎಂದು ನೀವು ನೋಡಿರುವುದಿಲ್ಲ. ನುಂಗಿರಬಹುದು ಎಂಬ ಅನುಮಾನ ಬಂದರೂ ಸಾಕು, ತಿನ್ನಲು ಕುಡಿಯಲು ಏನೂ ಕೊಡದೆ, ವಾಂತಿ ಮಾಡಿಸದೆ, ಎಕ್ಸ್‌ರೇ ಇರುವ ಆಸ್ಪತ್ರೆಗೆ ಆ ಕ್ಷಣವೇ ಹೊರಡಿ. ಡಾಕ್ಟರಿಗೆ ಮೊದಲು ಹೇಳಬೇಕಾದ ಪದ ಮ್ಯಾಗ್ನೆಟ್. ಉಳಿದ ಬಿಸ್ಕತ್ತು ಜೊತೆಗೆ ಒಯ್ದರೆ ಇನ್ನೂ ಒಳ್ಳೆಯದು.

ನಾನು ಅತಿ ಮಾಡುತ್ತೇನೆ ಎಂದು ಮನೆಯಲ್ಲಿ ನಗುತ್ತಾರೆ, ನಗಲಿ. ಪ್ರತಿ ಆಟ ಮುಗಿದ ಮೇಲೆ ಮೂರು ಬಿಸ್ಕತ್ತನ್ನೂ ಒಂದು ಹಳೇ ವಿಭೂತಿ ಡಬ್ಬಿಗೆ ಜೋರಾಗಿ ಎಣಿಸಿ ಹಾಕುತ್ತೇನೆ. ಎರಡೇ ಸಿಕ್ಕರೆ ಯಾರೂ ಕುರ್ಚಿಯಿಂದ ಏಳುವಂತಿಲ್ಲ, ಕಾಫಿಯೂ ಇಲ್ಲ. ಪುಟ್ಟ ಮಕ್ಕಳಿರುವ ಮನೆಗೆ ನಾನು ಬೋರ್ಡು ಎರವಲು ಕೊಡುವುದಿಲ್ಲ. ಮಗು ದೊಡ್ಡದಾಗಲಿ, ಆಮೇಲೆ ಕೇಳಿ.

ಪ್ರಶ್ನೆ: ಅಪ್ಪನಿಗೆ ಪೇಸ್‌ಮೇಕರ್ ಇದೆ, ಆಡಬಹುದೇ?

ಅವರ ಡಾಕ್ಟರನ್ನು ಕೇಳಿ. ಅಲ್ಲಿಯವರೆಗೆ ಹಿಡಿಯಾಗಲಿ ಸ್ಟ್ರೈಕರ್ ಆಗಲಿ ಎದೆಯಿಂದ ಒಂದು ಗೇಣಾದರೂ ದೂರ ಇರಲಿ. ಶರ್ಟಿನ ಜೇಬಿಗೆ ಹಾಕಿಕೊಳ್ಳುವುದು ಅವರ ಅಭ್ಯಾಸವಾಗಿದ್ದರೆ ಬೋರ್ಡನ್ನು ಅಟ್ಟಕ್ಕೆ ಹಾಕಿ.

ಪ್ರಶ್ನೆ: ಮೊಬೈಲ್ ಪಕ್ಕದಲ್ಲಿಟ್ಟರೆ ಕೆಡುತ್ತದೆಯೇ?

ಅದರ ದಿಕ್ಸೂಚಿ ಸ್ವಲ್ಪ ಹೊತ್ತು ಉತ್ತರ ಯಾವುದು ಎಂದು ತಡವರಿಸುತ್ತದೆ. ಹಿಂಬದಿ ಕಪ್ಪುಪಟ್ಟಿ ಇರುವ ಎಟಿಎಂ ಕಾರ್ಡನ್ನು ಮಾತ್ರ ದೂರ ಇಡಿ. ಆಡುವಾಗ ಮೊಬೈಲ್ ಯಾಕೆ ಬೇಕು ಎಂಬುದು ನನ್ನ ಪ್ರಶ್ನೆ.