ನೀರು ಸುರಿಯುವ ಒಣಗಣ್ಣು

ಪ್ರಶ್ನೆ: ಅಂಧೇರಿಯ ಕಚೇರಿಯಲ್ಲಿ ದಿನವಿಡೀ ಕಂಪ್ಯೂಟರ್ ನೋಡುವ ನನಗೆ ಸಂಜೆಯಾಗುತ್ತಲೇ ಕಣ್ಣಿಗೆ ಮರಳು ಬಿದ್ದಂತಾಗಿ ನೀರು ಸುರಿಯುತ್ತದೆ. ವೈದ್ಯರು ಒಣಗಣ್ಣು ಎನ್ನುತ್ತಾರೆ. ಇದು ಹೇಗೆ?
— ಓದುಗರೊಬ್ಬರು, ಡೊಂಬಿವಲಿ

ಉತ್ತರ: ವಿಚಿತ್ರವೆನಿಸಿದರೂ ವೈದ್ಯರ ಮಾತಿನಲ್ಲಿ ಹುರುಳಿದೆ. ಒಣಗಣ್ಣಿನಲ್ಲಿ ಮುಖ್ಯವಾಗಿ ಎರಡು ಬಗೆ. ವಯಸ್ಸು, ಶೋಗ್ರೆನ್ ಕಾಯಿಲೆ (ದೇಹದ ರೋಗನಿರೋಧಕ ವ್ಯವಸ್ಥೆಯೇ ಕಣ್ಣೀರು, ಜೊಲ್ಲಿನ ಗ್ರಂಥಿಗಳ ಮೇಲೆರಗುವ ಕಾಯಿಲೆ), ಕೆಲವು ಅಲರ್ಜಿ ಮಾತ್ರೆಗಳಿಂದಾಗಿ ಕಣ್ಣೀರೇ ಕಡಿಮೆ ಸ್ರವಿಸುವುದು ಒಂದು. ಇದ್ದ ನೀರು ಬೇಗ ಆವಿಯಾಗುವುದು ಇನ್ನೊಂದು, ಹೆಚ್ಚಾಗಿ ಕಾಣುವುದು ಇದೇ. ರೆಪ್ಪೆಯಂಚಿನಲ್ಲಿ ಎಣ್ಣೆ ಸ್ರವಿಸುವ ಮೈಬೋಮಿಯನ್ ಗ್ರಂಥಿಗಳು ಕಟ್ಟಿಕೊಂಡರೆ ಕಣ್ಣೀರಿನ ಮೇಲೆ ಹರಡಬೇಕಾದ ತೆಳು ಎಣ್ಣೆಪದರ ಒಡೆದುಹೋಗುತ್ತದೆ. ಪರದೆ ದಿಟ್ಟಿಸುವಾಗ ರೆಪ್ಪೆ ಬಡಿಯುವುದೂ ಕಡಿಮೆಯಾಗುತ್ತದೆ. ಆಗ ಉರಿಗೆ ಪ್ರತಿಯಾಗಿ ಒಮ್ಮೆಲೇ ಉಕ್ಕುವ ನೀರು ಕೆನ್ನೆಗಿಳಿಯುತ್ತದೆಯೇ ಹೊರತು ಕಣ್ಣಿನ ಮೇಲೆ ನಿಲ್ಲುವುದಿಲ್ಲ. ಮುಂಬಯಿಯ ಹವೆ ತೇವವೇ, ಆದರೆ ನೀವು ಕುಳಿತಿರುವುದು ಏಸಿಯ ಗಾಳಿಗೆ! ಕೆಳರೆಪ್ಪೆಯೊಳಗೆ ಕಾಗದದ ಪಟ್ಟಿಯಿಟ್ಟು 5 ನಿಮಿಷದಲ್ಲಿ ಅದೆಷ್ಟು ಒದ್ದೆಯಾಯಿತೆಂದು ಅಳೆಯುವ ಶಿರ್ಮರ್ ಪರೀಕ್ಷೆ ಮೊದಲ ಬಗೆಯನ್ನು ಗುರುತಿಸಲು ನೆರವಾಗುತ್ತದೆ.