ಮಾತೃವಂದನಾ ಅರ್ಜಿ ಊರಲ್ಲಿ ಹಾಕೋದಾ, ಬೆಂಗಳೂರಲ್ಲಾ?

ಹೆಂಡತಿಗೆ ಐದು ತಿಂಗಳು, ಕೂಲಿ ಬೆಂಗಳೂರಲ್ಲಿ, ಹೆರಿಗೆ ರಾಯಚೂರು ಕಡೆಯ ತವರಲ್ಲಿ, ಬಸುರಿ-ಬಾಣಂತಿಯರಿಗೆ ಕೇಂದ್ರ ಸರ್ಕಾರ ದುಡ್ಡು ಕೊಡೋ ಮಾತೃವಂದನಾ ಯೋಜನೆಗೆ ಅರ್ಜಿ ಎಲ್ಲಿ ಹಾಕೋದು ಅಂತ ಕೇಳಿದ್ದೀರಿ. ಇದೇ ಪ್ರಶ್ನೆ ಹಿಡ್ಕೊಂಡು ನಾನೂ ಎರಡು ಅಂಗನವಾಡಿ ಸುತ್ತಿದವನೇ. ಪ್ರಶ್ನೆಯೇ ತಪ್ಪು ಸ್ವಾಮಿ. ಅರ್ಜಿಯನ್ನ ಹತ್ತಿರದ ಅಂಗನವಾಡಿಯಲ್ಲಿ ಕೊಡಿ, ಇಲ್ಲ ಯೋಜನೆಯ ಪೋರ್ಟಲ್‌ನಲ್ಲಿ ನೀವೇ ತುಂಬಿ. ದುಡ್ಡು ಯಾವ ಬ್ಯಾಂಕಿಗೆ ಹೋಗಿ ಬೀಳುತ್ತೆ ಅನ್ನೋದನ್ನ ಮೊದಲು ನೋಡಿ.

ನಾನು ಪಾಸ್‌ಬುಕ್ ಜೆರಾಕ್ಸ್ ಕೊಟ್ಟು, ‘ಆಧಾರ್ ಲಿಂಕ್ ಆಗಿದೆ’ ಅಂತ ಸುಮ್ಮನಿದ್ದೆ. ಕೆಟ್ಟಿದ್ದೇ ಅಲ್ಲಿ. ಬ್ಯಾಂಕಿನವರು ಕೆವೈಸಿಗೆ ಆಧಾರ್ ನಂಬರ್ ಬರ್ಕೊಳ್ಳೋದು ಬೇರೆ, ಎನ್‌ಪಿಸಿಐ (ಬ್ಯಾಂಕುಗಳ ನಡುವಿನ ಪಾವತಿ ನಡೆಸೋ ಸಂಸ್ಥೆ) ಪಟ್ಟಿಯಲ್ಲಿ ಸೀಡಿಂಗ್ ಆಗೋದು, ಅಂದ್ರೆ ಸರ್ಕಾರದ ದುಡ್ಡು ಬರೋಕೆ ಆಧಾರ್‌ಗೆ ಬ್ಯಾಂಕನ್ನ ಜೋಡಿಸೋದು, ಬೇರೆ. ಆ ಪಟ್ಟಿಯಲ್ಲಿ ಒಂದು ಆಧಾರ್‌ಗೆ ಒಂದೇ ಬ್ಯಾಂಕು, ಕೊನೆಗೆ ಎಲ್ಲಿ ಸೀಡಿಂಗ್ ಆಗಿದೆಯೋ ಅದು. ಪಾಸ್‌ಬುಕ್ ಯಾವುದೇ ಕೊಡಿ, ಸರ್ಕಾರದ ದುಡ್ಡು ಆಧಾರ್ ಹಿಡಿದು ಅಲ್ಲಿಗೇ ಹೋಗುತ್ತೆ. ನಮ್ಮಾಕೆಯದು ಪಿಯುಸಿಯಲ್ಲಿ ಸ್ಕಾಲರ್‌ಶಿಪ್‌ಗೆ ಮಾಡಿಸಿದ ಖಾತೆಯಲ್ಲಿ ಕೂತಿತ್ತು. ಎರಡು ವರ್ಷ ನಾವು ವ್ಯವಹಾರ ಮಾಡದಿದ್ದರೆ ಖಾತೆ ನಿಷ್ಕ್ರಿಯ ಆಗುತ್ತೆ; ಜಮೆ ಆಗುತ್ತೆ, ತೆಗೆಯೋಕೆ ಮತ್ತೆ ಕೆವೈಸಿ ಕೊಡಬೇಕು. ಮೆಸೇಜು ಹೋಗಿದ್ದು ಎಂದೋ ಬಿಸಾಕಿದ ಸಿಮ್ಮಿಗೆ. ಅರ್ಜಿ ತಿರಸ್ಕಾರ ಆಯ್ತು ಅಂದ್ಕೊಂಡು ಅಂಗನವಾಡಿ ಟೀಚರಮ್ಮನ ಮೇಲೆ ಕೂಗಾಡಿದ್ದು ಬೇರೆ.

ಹಾಗಾಗಿ ಇವತ್ತೇ ಮೈಆಧಾರ್ ವೆಬ್‌ಸೈಟಲ್ಲಿ ಒಟಿಪಿ ಹಾಕಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ನೋಡಿ. ಬ್ಯಾಂಕಿನ ಹೆಸರು, ಆಕ್ಟಿವ್ ಇದೆಯಾ ಇಲ್ವಾ, ಎರಡೂ ಕಾಣುತ್ತೆ. ಬೇರೆ ಬ್ಯಾಂಕು ತೋರಿಸಿದರೆ, ನೀವು ಈಗ ಬಳಸೋ ಶಾಖೆಗೆ ಆಕೆಯನ್ನೇ ಕರ್ಕೊಂಡು ಹೋಗಿ ಸೀಡಿಂಗ್ ಒಪ್ಪಿಗೆ ಫಾರಂ ಕೊಡಿ. ಬದಲಾದದ್ದು ಕಣ್ಣಾರೆ ಕಂಡ ಮೇಲೆ ಅರ್ಜಿ. ಆತುರ ಬೇಡ, ಮೊದಲ ಮಗುವಿಗೆ ಕೊನೆಯ ಮುಟ್ಟಿನ ದಿನದಿಂದ 570 ದಿನ ಅವಕಾಶವಿದೆ.

ಆದರೆ ತಪಾಸಣೆ ಕಾಯೋದಿಲ್ಲ. ಮೊದಲ ಕಂತು 3000 ರೂಪಾಯಿ. ಅದಕ್ಕೆ ಆರು ತಿಂಗಳೊಳಗೆ ಒಂದಾದರೂ ತಪಾಸಣೆ ತಾಯಿ ಕಾರ್ಡಲ್ಲಿ ಬರೆದಿರಬೇಕು. ಎರಡನೆಯದು 2000, ಜನನ ನೋಂದಣಿ ಆಗಿ ಮಗುವಿಗೆ 6, 10, 14 ವಾರದ ಲಸಿಕೆ ಮುಗಿದ ಮೇಲೆ. ತವರಿಗೆ ಹೋದವರ ಎಡವಟ್ಟು ಆಗೋದೇ ಇಲ್ಲಿ. ಬಾಣಂತಿ ರಾಯಚೂರಲ್ಲಿ, ಕಾರ್ಡು ಬೆಂಗಳೂರಿನ ಬೀರುವಲ್ಲಿ. ಅಲ್ಲಿನ ಸಿಸ್ಟರ್ ಲಸಿಕೆ ಹಾಕಿ ಚೀಟಿಯಲ್ಲಿ ಬರೆದುಕೊಡ್ತಾರೆ, ಚೀಟಿ ಕಳೆಯುತ್ತೆ. ಸೀಮಂತದ ಸೀರೆ ಜೊತೆಗೇ ಕಾರ್ಡೂ ಬ್ಯಾಗಿಗೆ ಹೋಗಲಿ. ಬಿಪಿಎಲ್ ಅಥವಾ ಎಸ್‌ಸಿ, ಎಸ್‌ಟಿ ಆಗಿದ್ದರೆ ಆಸ್ಪತ್ರೆ ಹೆರಿಗೆಗೆ ಜನನಿ ಸುರಕ್ಷಾ ಯೋಜನೆಯ ದುಡ್ಡು ಬೇರೆ ಇದೆ: ಹಳ್ಳಿಯವರಿಗೆ 700, ಪಟ್ಟಣದವರಿಗೆ 600.

‘ನಮ್ಮಂಥವರಿಗೆ ಮಾಹಿತಿ ಇಲ್ಲ, ಅದಕ್ಕೇ ಯೋಜನೆ ಸಿಗಲ್ಲ’ ಅಂದಿದ್ದೀರಿ. ನಾನು ಒಪ್ಪಲ್ಲ. ನಿಮಗೆ ಯೋಜನೆಯ ಹೆಸರೂ ಗೊತ್ತು, ಮೊತ್ತವೂ ಗೊತ್ತು. ಇರೋ ಊರು ಒಂದು, ಹೆರೋ ಊರು ಇನ್ನೊಂದು ಆದಾಗ ದಾಖಲೆ ಹೊರೋ ಕೆಲಸ ಬಸುರಿಯ ತಲೆಗೇ ಬೀಳುತ್ತೆ. ಗಾರೆ ಕೆಲಸಕ್ಕೆ ವಲಸೆ ಬಂದವಳು ಕಳ್ಕೊಳ್ಳೋದು ಅಲ್ಲೇ. ಎರಡನೇ ಮಗು ಹೆಣ್ಣಾದರೆ ಮಾತ್ರ 6000 ಅನ್ನೋ ನಿಯಮವೂ ನನಗೆ ಸರಿ ಕಾಣಲ್ಲ. ಈ ದುಡ್ಡು ತಪ್ಪಿದ ಕೂಲಿಗೆ ಒಂದಿಷ್ಟು ಪರಿಹಾರ ಅಂತ. ಗಂಡು ಹೆತ್ತವಳ ಕೂಲಿ ತಪ್ಪಲ್ವಾ?

ಇನ್ನೊಂದು, ದುಡ್ಡಿನ ಹಿಂದೆ ಬಿದ್ದು ರಕ್ತ ಪರೀಕ್ಷೆ ಬಿಡಬೇಡಿ. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ, 7ಕ್ಕಿಂತ ಕೆಳಗಿಳಿದರೆ ಮಾತ್ರೆ ನೆಚ್ಚಿಕೊಂಡು ಮನೇಲಿ ಕೂರೋ ಮಾತೇ ಇಲ್ಲ, ದೊಡ್ಡಾಸ್ಪತ್ರೆಗೆ ಹೋಗಬೇಕು. ಕಬ್ಬಿಣದ ಮಾತ್ರೆಯನ್ನೂ ಕ್ಯಾಲ್ಸಿಯಂ ಮಾತ್ರೆಯನ್ನೂ ಒಟ್ಟಿಗೆ ನುಂಗಿಸಬೇಡಿ, ಕಬ್ಬಿಣ ಮೈಗೆ ಹತ್ತಲ್ಲ. ಊಟ ಆದ ತಕ್ಷಣ ಟೀ ಕುಡಿಯೋ ಅಭ್ಯಾಸ ಇದ್ದರೆ ಅದನ್ನೂ ಬಿಡಿಸಿ.