ಯಾವ ಕಾಯಿಲೆಗೆ ದೇವರ ಯಾವ ನಾಮ?

ಸಹೋದರಿ, ನಿಮ್ಮ ಯಜಮಾನರ ಕಿಡ್ನಿ ಕಾಯಿಲೆಗೆ ಬೈಬಲಿನ ಹೀಬ್ರೂ ನಾಮಗಳಲ್ಲಿ ‘ಯೆಹೋವ ರಾಫಾ’ (ಗುಣಪಡಿಸುವ ಯೆಹೋವ) ಎಂದು ಪ್ರಾರ್ಥಿಸಬೇಕೋ, ಸ್ಥಿತಿ ಗಂಭೀರವಾಗಿರುವುದರಿಂದ ‘ಎಲ್ ಶದ್ದಾಯ್’ (ಸರ್ವಶಕ್ತ ದೇವರು) ಎನ್ನಬೇಕೋ ಎಂದು ಕೇಳಿದ್ದೀರಿ. ಇದೇ ಪ್ರಶ್ನೆಯ ಬೆನ್ನುಹತ್ತಿ ನಾನು ನಮ್ಮಪ್ಪನ ಕೊನೆಯ ತಿಂಗಳುಗಳನ್ನು ಕಳೆದುಕೊಂಡೆ. ಅದಕ್ಕೇ ಬರೆಯುತ್ತಿದ್ದೇನೆ.

ನಾವು ಗದಗದ ಕಡೆಯವರು, ಅಜ್ಜನ ಕಾಲದಿಂದಲೂ ಬಾಸೆಲ್ ಮಿಷನ್ನಿನ ಕ್ರೈಸ್ತ ಸಭೆಯವರು. ಮನೆಯಲ್ಲಿ ಪ್ರಾರ್ಥನೆ ಅಂದರೆ ರಾತ್ರಿ ಊಟಕ್ಕೆ ಮೊದಲು ಅಪ್ಪ ‘ಪರಲೋಕದ ತಂದೆಯೇ’ ಅಂತ ಶುರುಮಾಡಿ, ಸಾರು ಆರುವುದರೊಳಗೆ ಮುಗಿಸುವುದು. ಅಪ್ಪನಿಗೆ ಲಿವರ್ ಕ್ಯಾನ್ಸರ್ ಅಂತ ಗೊತ್ತಾದ ಮೇಲೆ ನನಗೆ ಅದು ಸಾಲದೆನಿಸಿತು. ಪರಿಚಯದವರೊಬ್ಬರು ಉಪವಾಸ ಪ್ರಾರ್ಥನೆಗೆ ಕರೆದುಕೊಂಡು ಹೋದರು. ಅಲ್ಲಿ ಲ್ಯಾಮಿನೇಟ್ ಮಾಡಿದ ಒಂದು ಹಾಳೆ ಕೊಟ್ಟರು. ಎಡಗಡೆ ಕಷ್ಟ, ಬಲಗಡೆ ನಾಮ. ಹಣದ ಅಡಚಣೆಗೆ ಯೆಹೋವ ಯೀರೆ, ರೋಗಕ್ಕೆ ಯೆಹೋವ ರಾಫಾ, ಶತ್ರುಬಾಧೆಗೆ ಯೆಹೋವ ನಿಸ್ಸಿ, ಮನಶ್ಶಾಂತಿಗೆ ಯೆಹೋವ ಶಾಲೋಮ್. ತಾಲ್ಲೂಕು ಕಚೇರಿಯಲ್ಲಿ ಯಾವ ಅರ್ಜಿ ಯಾವ ಕೌಂಟರಿಗೆ ಅಂತ ಬರೆದು ಹಾಕಿರುತ್ತಾರಲ್ಲ, ಹಾಗೆ.

ನಾನೆಲ್ಲಿ ಎಡವಿದೆ ಅನ್ನುವುದನ್ನು ಬಿಡಿಸಿ ಹೇಳುತ್ತೇನೆ, ನೀವು ಈಗ ಅಲ್ಲೇ ನಿಂತಿದ್ದೀರಿ. ಪ್ರಾರ್ಥಿಸಿದ್ದು ತಪ್ಪಲ್ಲ. ದೇವರು ಗುಣಪಡಿಸಬಲ್ಲ ಅಂತ ನಂಬಿದ್ದೂ ತಪ್ಪಲ್ಲ, ಇವತ್ತಿಗೂ ನಂಬುತ್ತೇನೆ. ಸರಿಯಾದ ನಾಮ ಆರಿಸಿದರೆ ಉತ್ತರ ಬರುತ್ತದೆ ಅಂದುಕೊಂಡದ್ದು ತಪ್ಪು. ಹಾಗಂದುಕೊಂಡ ಕೂಡಲೇ ಉತ್ತರ ಬರದಿದ್ದರೆ ಆರಿಸಿದವನೇ ಹೊಣೆ ಅಂತಾಗುತ್ತದೆ. ಕಾಮಾಲೆ ತರುವ ಬಿಲಿರುಬಿನ್ ಏರಿದ ರಿಪೋರ್ಟ್ ಬಂದ ದಿನ ನಾನು ರಾಫಾ ಬಿಟ್ಟು ಎಲ್ ಶದ್ದಾಯ್‌ಗೆ ಹೋದೆ. ಹೊಟ್ಟೆಯಲ್ಲಿ ನೀರು ತುಂಬಿಕೊಂಡಾಗ ಮತ್ತೆ ರಾಫಾಗೆ ಬಂದೆ, ಈ ಸಲ ಉಪವಾಸ ಸೇರಿಸಿ. ಉಚ್ಚಾರಣೆ ತಪ್ಪಿತೇನೋ ಅಂತ ಯೂಟ್ಯೂಬಿನಲ್ಲಿ ಕೇಳಿ ಕೇಳಿ ತಿದ್ದಿಕೊಂಡೆ. ಬಾಯಲ್ಲಿ ದೇವರ ನಾಮ, ತಲೆಯಲ್ಲಿ ಲೆಕ್ಕಾಚಾರ. ಅಪ್ಪ ಪಕ್ಕದ ಕೋಣೆಯಿಂದ ‘ಇಲ್ಲಿ ಬಂದು ಕೂಡೋ, ಇಪ್ಪತ್ತಮೂರನೇ ಕೀರ್ತನಿ ಓದು’ ಅಂತ ಕರೆದರು. ‘ಪ್ರಾರ್ಥನಾ ಮುಗಿಸಿ ಬರ್ತೀನಪಾ’ ಅಂದೆ. ಪ್ರತಿ ಸಲವೂ ಹಾಗೇ ಅಂದೆ. ಅವರು ಸ್ಟೀಲ್ ಲೋಟವನ್ನು ಮಂಚದ ಕಾಲಿಗೆ ಬಡಿದು ನೀರು ಕೇಳಿದಾಗಲೂ ಅವ್ವನೇ ಓಡುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ ತಪ್ಪು ನಾಮ ಹಿಡಿದೆ, ಅದಕ್ಕೇ ಹೋದರು ಅನ್ನುವುದು ಮನಸ್ಸಿನಲ್ಲಿ ಕೂತುಬಿಟ್ಟಿತು. ವರ್ಷಗಟ್ಟಲೆ ದೇವಾಲಯದ ಮೆಟ್ಟಿಲು ಹತ್ತಲಿಲ್ಲ.

ಕಡೆಗೆ ನಮ್ಮ ಸಭಾಪಾಲಕರು ಒಂದೇ ಮಾತು ಹೇಳಿದರು: ಆ ಹಾಳೆ ಬಿಡು, ಆ ನಾಮಗಳು ಬರುವ ಅಧ್ಯಾಯಗಳನ್ನು ಪೂರ್ತಿ ಓದು.

ಓದಿದೆ. ನೀವೂ ಓದಿ. ‘ಯೆಹೋವ ಯೀರೆ’ ಆದಿಕಾಂಡ 22ರಲ್ಲಿ ಒಂದು ಬೆಟ್ಟದ ಸ್ಥಳಕ್ಕೆ ಅಬ್ರಹಾಮನಿಟ್ಟ ಹೆಸರು. ಇಟ್ಟದ್ದು ಮಗ ಇಸಾಕನ ಬದಲಿಗೆ ಪೊದೆಯಲ್ಲಿ ಸಿಕ್ಕಿಕೊಂಡ ಟಗರನ್ನು ಬಲಿಕೊಟ್ಟ ಮೇಲೆ. ‘ಯೆಹೋವ ನಿಸ್ಸಿ’ ವಿಮೋಚನಕಾಂಡ 17ರಲ್ಲಿ ಯುದ್ಧದಲ್ಲಿ ಅಮಾಲೇಕ್ಯರು ಸೋತ ಮೇಲೆ ಮೋಶೆ ಕಟ್ಟಿದ ಯಜ್ಞವೇದಿಯ ಹೆಸರು. ‘ಯೆಹೋವ ಶಾಲೋಮ್’ ಕೂಡ ವೇದಿಯ ಹೆಸರೇ, ದೇವದೂತನನ್ನು ಕಂಡೂ ನೀನು ಸಾಯುವುದಿಲ್ಲ ಎಂಬ ಮಾತು ಕೇಳಿದ ಗಿದ್ಯೋನ ಕಟ್ಟಿದ್ದು. ಇವೆಲ್ಲ ಕೃಪೆ ಕಂಡವರ ಸಾಕ್ಷಿಗಳು. ಯಾರೂ ಮೊದಲು ನಾಮ ಆರಿಸಿಕೊಂಡು ಆಮೇಲೆ ಸಹಾಯ ಪಡೆದದ್ದಲ್ಲ. ‘ರಾಫಾ’ ಬರುವ ಮಾತಂತೂ ಮಾರಾ ಎಂಬಲ್ಲಿ ಕಹಿನೀರು ಸಿಹಿಯಾದ ಮೇಲೆ ದೇವರು ತಾನಾಗಿಯೇ ಇಡೀ ಇಸ್ರಾಯೇಲ್ ಜನಾಂಗಕ್ಕೆ ಹೇಳಿದ್ದು.

ನನ್ನನ್ನು ಹಿಡಿದು ನಿಲ್ಲಿಸಿದವಳು ಹಾಗರಳು. ಐಗುಪ್ತದ ದಾಸಿ, ಬಸುರಿ, ಯಜಮಾನಿ ಸಾರಯಳ ಕಾಟ ತಾಳದೆ ಅಡವಿಗೆ ಓಡಿಬಂದವಳು. ನೀರಿನ ಒರತೆಯ ಹತ್ತಿರ ಅವಳು ದೇವರಿಗೆ ‘ಎಲ್ ರೋಯಿ’ ಅಂತ ಹೆಸರಿಟ್ಟಳು, ನನ್ನನ್ನು ನೋಡುವ ದೇವರು ಅಂತ. ಕಷ್ಟ ತೀರಿತೇ? ಇಲ್ಲ. ಅದೇ ಯಜಮಾನಿಯ ಮನೆಗೆ ವಾಪಸು ಹೋಗಬೇಕಾಯಿತು. ಆದರೂ ಹೆಸರಿಟ್ಟಳು.

ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆಯಲ್ಲಿ ಯೇಸುಸ್ವಾಮಿ ಕರೆದದ್ದೂ ‘ಅಪ್ಪಾ, ತಂದೆಯೇ’ ಎಂದೇ, ಎಲ್ಲವೂ ನಿನಗೆ ಸಾಧ್ಯ, ಈ ಸಂಕಟದ ಪಾತ್ರೆಯನ್ನು ನನ್ನಿಂದ ತೆಗೆದುಬಿಡು ಎಂದೇ. ಆ ಪಾತ್ರೆ ತಪ್ಪಲಿಲ್ಲ. ಆತನೇ ತಪ್ಪು ನಾಮ ಹಿಡಿದನೆಂದು ಹೇಳುವ ಧೈರ್ಯ ಯಾರಿಗಿದೆ?

ಹಾಗಾಗಿ ರಾಫಾನೋ ಶದ್ದಾಯೋ ಎಂಬ ನಿಮ್ಮ ಪ್ರಶ್ನೆಗೆ ನಾನು ಉತ್ತರ ಕೊಡುವುದಿಲ್ಲ. ಲಾಜರನ ಅಕ್ಕತಂಗಿಯರು ಯೇಸುಸ್ವಾಮಿಗೆ ಹೇಳಿಕಳಿಸಿದ್ದು ನೋಡಿ: ಕರ್ತನೇ, ನೀನು ಪ್ರೀತಿಸುವವನಿಗೆ ಕಾಯಿಲೆಯಾಗಿದೆ. ಅಷ್ಟೇ. ನೀವೂ ನಿಮ್ಮ ಬಾಯಿಗೆ ಬಂದ ಹಾಗೆ ಕರೆಯಿರಿ. ಆ ನಾಮಗಳು ಬಾಯಿಗೆ ಬಂದರೆ ಅನ್ನಿ, ಅವು ಸುಂದರವಾದ ನಾಮಗಳೇ. ಕೋಣೆಯ ಬಾಗಿಲು ಹಾಕಿಕೊಂಡು ಮಾತ್ರ ಕೂರಬೇಡಿ, ಯಜಮಾನರ ಹಾಸಿಗೆಯ ಪಕ್ಕದಲ್ಲೇ ಕೂತು ಪ್ರಾರ್ಥಿಸಿ. ಆ ಇಪ್ಪತ್ತಮೂರನೇ ಕೀರ್ತನೆಯನ್ನೇ, ‘ಯೆಹೋವನು ನನಗೆ ಕುರುಬನು’ ಅಂತ ಅವರಿಗೆ ಕೇಳುವ ಹಾಗೆ ಓದಿ. ಡಯಾಲಿಸಿಸ್ ಒಂದು ದಿನವೂ ತಪ್ಪಿಸಬೇಡಿ. ತಪ್ಪು ನಾಮ ಹಿಡಿದಿದ್ದಕ್ಕೇ ವಾಸಿಯಾಗಿಲ್ಲ ಅಂತ ಯಾರಾದರೂ ಹೇಳಿದರೆ, ಅವರು ಎಷ್ಟೇ ದೊಡ್ಡ ಪ್ರಾರ್ಥನಾವೀರರಾಗಿರಲಿ, ಮತ್ತೆ ಮನೆಯೊಳಗೆ ಬಿಟ್ಟುಕೊಳ್ಳಬೇಡಿ.